ಮಾಸ್ಟರ್ ಇಲ್ಲದ ವೈರ್‌ಲೆಸ್ ಜಾಲದಲ್ಲಿ ಎಲ್ಲ ನೋಡ್‌ಗಳ ಗಡಿಯಾರ ಹೊಂದಿಸುವುದು ಹೇಗೆ?

ತೋಟದಲ್ಲಿ ಇಪ್ಪತ್ತು ಸೆನ್ಸರ್ ನೋಡ್ (ರೇಡಿಯೊದಲ್ಲಿ ಮಾತಾಡುವ ಪುಟ್ಟ ಸಾಧನ) ಇವೆ, ಇಂಟರ್ನೆಟ್ ಇಲ್ಲ, ಜಿಪಿಎಸ್ ಇಲ್ಲ, ಎಲ್ಲಕ್ಕೂ ಸಮಯ ಹೇಳುವ ಮಾಸ್ಟರ್ ನೋಡ್ ಬೇಡ ಅಂದಿದ್ದೀರಿ. ಶುರುವಿನಲ್ಲಿ ಒಮ್ಮೆ ಸಮಯ ಹೊಂದಿಸಿದರೆ ಸಾಲದಾ ಎಂದು ಕೇಳಿದ್ದೀರಿ. ಸಾಲದು.

ನೋಡ್‌ನ ಗಡಿಯಾರ ನಡೆಸುವ ಮಾಮೂಲಿ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ 20 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷಕ್ಕೆ 20 ಭಾಗದವರೆಗೆ ತಪ್ಪಬಹುದು. ಅದು ದಿನಕ್ಕೆ 1.7 ಸೆಕೆಂಡ್. ಒಂದು ಮುಂದೆ, ಇನ್ನೊಂದು ಹಿಂದೆ ಓಡಿದರೆ ಅಂತರ 3.5 ಸೆಕೆಂಡ್ ಆಗುತ್ತದೆ. ಬಿಸಿಲಿನದು ಬೇರೆ ಕಾಟ. ಈ ಕ್ರಿಸ್ಟಲ್‌ಗೆ 25 ಡಿಗ್ರಿ ಹಿತ, ಅದಕ್ಕಿಂತ ಬಿಸಿಯಾದರೂ ತಣ್ಣಗಾದರೂ ನಿಧಾನವಾಗುತ್ತದೆ. ನಾನು ಮೊದಲ ಸಲ ನೋಡ್ ಹಾಕಿದಾಗ ಬೆಳಗ್ಗೆ ಸರಿಯಿದ್ದವು ಮಧ್ಯಾಹ್ನ ಒಂದನ್ನೊಂದು ತಪ್ಪಿಸಿಕೊಳ್ಳುತ್ತಿದ್ದವು. ಎರಡು ದಿನ ಸುಮ್ನೆ ಕೋಡ್‌ನಲ್ಲಿ ಹುಡುಕಿದೆ. ಕಾರಣ ಇದ್ದದ್ದು ಬಿಸಿಲಿಗೆ ಕಾದ ಡಬ್ಬಿಯಲ್ಲಿ. 45 ಡಿಗ್ರಿಯಲ್ಲಿ ಸುಮಾರು 14 ಪಿಪಿಎಂ ಹಿಂದೆ ಬೀಳುತ್ತದೆ, ಮೂರು ಗಂಟೆಗೆ 150 ಮಿಲಿಸೆಕೆಂಡ್.

ಹಾಗಾಗಿ ಸಮಯವನ್ನಷ್ಟೇ ತಿದ್ದಬೇಡಿ, ವೇಗವನ್ನೂ ತಿದ್ದಿ. ಪಕ್ಕದ ನೋಡ್ ಕಳಿಸಿದ ಸಮಯ, ಆಗ ನಿಮ್ಮ ಗಡಿಯಾರ ತೋರಿಸಿದ ಸಮಯ, ಹೀಗೆ ಏಳೆಂಟು ಜೋಡಿ ಇಟ್ಟುಕೊಂಡು ಒಂದು ನೇರ ಗೆರೆ ಹೊಂದಿಸಿ. ಗೆರೆಯ ಇಳಿಜಾರೇ ವೇಗದ ವ್ಯತ್ಯಾಸ. 2004ರಲ್ಲಿ ಬಂದ ಎಫ್‌ಟಿಎಸ್‌ಪಿ ಎಂಬ ಸಮಯ ಹೊಂದಿಸುವ ವಿಧಾನ ಮಾಡುವುದು ಇದನ್ನೇ. ಆದರೆ ಅದು ಕಡಿಮೆ ಐಡಿಯ ನೋಡನ್ನು ಮುಖ್ಯಸ್ಥನನ್ನಾಗಿ ಆರಿಸುತ್ತದೆ. ನಿಮಗೆ ಅದೂ ಬೇಡ ಅಲ್ವಾ? ಹಾಗಾದರೆ 2009ರ ಜಿಟಿಎಸ್‌ಪಿ ಎಂಬ ವಿಧಾನ ನೋಡಿ. ಪ್ರತಿ ನೋಡ್ ಅಕ್ಕಪಕ್ಕದವುಗಳ ಸರಾಸರಿ ವೇಗ ಮತ್ತು ಸರಾಸರಿ ಸಮಯದ ಕಡೆಗೆ ಸರಿಯುತ್ತದೆ. ಯಾರ ಗಡಿಯಾರ ಸರಿ ಎಂಬ ಪ್ರಶ್ನೆಯೇ ಬರುವುದಿಲ್ಲ. ಎಲ್ಲವೂ ಒಂದೇ ಸಮಯ ಹೇಳಿದರೆ ಸಾಕು.

ರೂಟರ್ ಇಲ್ಲದೆ ಸಾಧನಗಳು ನೇರ ಮಾತಾಡುವ ಹಳೆಯ ಅಡ್-ಹಾಕ್ ವೈಫೈನಂತೆ ಮುಂದಿರುವ ಗಡಿಯಾರವನ್ನು ಎಲ್ಲರೂ ಹಿಂಬಾಲಿಸುವುದು ಸುಲಭ ಅನ್ನಿಸಬಹುದು. ಆದರೆ ನೋಡ್ ಜಾಸ್ತಿಯಾದಾಗ ಬೀಕನ್‌ಗಳು (ಸಮಯ ಸಾರುವ ಪುಟ್ಟ ಸಂದೇಶಗಳು) ಡಿಕ್ಕಿಯಾಗುತ್ತವೆ. ಅತಿ ವೇಗದ ನೋಡಿಗೆ ಬೀಕನ್ ಕಳಿಸುವ ಅವಕಾಶ ಸಿಗದಿದ್ದರೆ ಅದೊಂದೇ ಮುಂದೆ ಓಡಿಬಿಡುತ್ತದೆ.

ಟೈಮ್‌ಸ್ಟ್ಯಾಂಪ್, ಅಂದರೆ ಸಂದೇಶದಲ್ಲಿ ಕಳಿಸಿದ ಸಮಯ ಬರೆಯುವ ಹಂತ ಇನ್ನೂ ಮುಖ್ಯ. ಸಂದೇಶದ ಪ್ಯಾಕೆಟ್ ಸರದಿಯಲ್ಲಿ ನಿಂತು, ಚಾನೆಲ್ ಖಾಲಿಯಾಗುವವರೆಗೆ ಕಾಯುತ್ತದೆ, ಅದು ಎಷ್ಟು ಹೊತ್ತೋ ಹೇಳಲಾಗದು. ರೇಡಿಯೊ ನಿಜವಾಗಿ ಕಳಿಸಲು ಶುರು ಮಾಡುವ ಕ್ಷಣದಲ್ಲೇ ಸಮಯ ಬರೆಯಿರಿ. ಅಲೆ ಗಾಳಿಯಲ್ಲಿ ಸಾಗುವ ಹೊತ್ತನ್ನು ಮರೆತುಬಿಡಿ, 300 ಮೀಟರ್‌ಗೆ ಒಂದು ಮೈಕ್ರೋಸೆಕೆಂಡ್ ಅಷ್ಟೆ.

ನೋಡ್‌ನಲ್ಲಿ ಇಎಸ್‌ಪಿ32 ಚಿಪ್ ಬಳಸುತ್ತಿದ್ದರೆ ಒಂದು ಮಾತು. ಬ್ಯಾಟರಿ ಉಳಿಸಲು ಮಲಗುವ ಡೀಪ್ ಸ್ಲೀಪ್‌ನಲ್ಲಿ ಅದು ಸಾಮಾನ್ಯವಾಗಿ ಒಳಗಿನ ಆರ್‌ಸಿ ಆಸಿಲೇಟರ್ (ಕ್ರಿಸ್ಟಲ್ ಇಲ್ಲದ ಸರಳ ಗಡಿಯಾರ) ನಂಬುತ್ತದೆ, ಅದು ಕ್ರಿಸ್ಟಲ್‌ಗಿಂತ ತುಂಬಾ ಕೆಟ್ಟದ್ದು. ಹೊರಗೆ 32 ಕಿಲೋಹರ್ಟ್ಸ್ ಕ್ರಿಸ್ಟಲ್ ಹಾಕಿ. ಆಮೇಲೂ ಎರಡು ನೋಡ್‌ಗಳ ನಡುವೆ 40 ಪಿಪಿಎಂ ಅಂತರ ಇರಬಹುದು, ಹಾಗಾಗಿ ಹತ್ತು ನಿಮಿಷ ಮಲಗುವ ನೋಡ್ ಕನಿಷ್ಠ 24 ಮಿಲಿಸೆಕೆಂಡ್ ಮೊದಲೇ ಎದ್ದು ಕೇಳಿಸಿಕೊಳ್ಳಬೇಕು. ನಿಮ್ಮವು ಎಷ್ಟು ಹೊತ್ತು ಮಲಗುತ್ತವೆ ಎಂದು ತಿಳಿಸಿ, ಲೆಕ್ಕ ಹಾಕಿಕೊಡುತ್ತೇನೆ.