ಹಳೆಯ ಪಾರಂಪರಿಕ ಕಟ್ಟಡದ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಏನು ತಪ್ಪು? ಅದನ್ನು ಉಳಿಸುವುದರಲ್ಲಿ ಜನರ ಪಾತ್ರವೇನು?

ಸಿಮೆಂಟ್ ಮೆತ್ತಿದರೆ ಬಿರುಕು ಮುಚ್ಚುತ್ತದೆ, ಗೋಡೆ ಮಾತ್ರ ಒಳಗಿಂದ ಹಾಳಾಗುತ್ತಾ ಹೋಗುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಕಟ್ಟಡಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಎದ್ದಂಥವು. ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಬಿಸಿಲು ಬಂದಾಗ ಅವುಗಳ ಮೂಲಕವೇ ಆವಿಯಾಗಿ ಹೊರಬೀಳುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಬಹುಮಟ್ಟಿಗೆ ಕಟ್ಟಿಹೋಗುತ್ತದೆ. ನೀರು ಇಟ್ಟಿಗೆಯಲ್ಲೇ ನಿಲ್ಲುತ್ತದೆ, ಅದರಲ್ಲಿನ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಪುಡಿ ಮಾಡುತ್ತದೆ. ಹಳೆಯ ಗೋಡೆಯ ಸಿಮೆಂಟ್ ಪದರವನ್ನು ಬೆರಳಿನಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅದು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಬೆಲ್ಲದ ನೀರು, ಅಳಲೆಕಾಯಿ ರಸ ಸೇರಿಸಿ ಗಾರೆ ಅರೆಯಬಲ್ಲ ಕೆಲಸಗಾರರು ಈಗ ವಿರಳ. ಸಿಮೆಂಟ್ ಚೀಲವಾದರೋ ಪಕ್ಕದ ಅಂಗಡಿಯಲ್ಲೇ ಸಿಗುತ್ತದಲ್ಲ!

ಇನ್ನು ಜನರ ವಿಚಾರ. 2016ರ ಆಗಸ್ಟ್‌ನಲ್ಲಿ ಇದೇ ಮಾರುಕಟ್ಟೆಯ ಉತ್ತರ ದ್ವಾರದ ಒಂದು ಭಾಗ ಕುಸಿಯಿತು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ಜಗಳ ಕೋರ್ಟಿನ ಮೆಟ್ಟಿಲೇರಿತು. ಅಲ್ಲಿನ ಹೂವು, ಹಣ್ಣು, ಕುಂಕುಮದ ವ್ಯಾಪಾರಿಗಳಿಗೆ ಅದು ಪರಂಪರೆಯಷ್ಟೇ ಅಲ್ಲ, ಅನ್ನದ ಪ್ರಶ್ನೆ. ಯಾವ ಮೂಲೆಯಲ್ಲಿ ಸೋರುತ್ತದೆ ಎಂದು ಎಂಜಿನಿಯರ್‌ಗಿಂತ ಮೊದಲು ಗೊತ್ತಾಗುವುದೂ ಅವರಿಗೇ. ಹಾಗಾಗಿ ನನ್ನ ಪ್ರಕಾರ ದುರಸ್ತಿಯ ಮೊದಲ ಸಭೆ ನಡೆಯಬೇಕಾದದ್ದು ಕಚೇರಿಯಲ್ಲಲ್ಲ, ಅವರ ಮಳಿಗೆಗಳ ಮುಂದೆ. ಚಾವಣಿಯ ಮೇಲೆ ಬೇರುಬಿಟ್ಟ ಅರಳಿ ಸಸಿಯನ್ನು ಚಿಕ್ಕದಿರುವಾಗಲೇ ಅವರು ತೋರಿಸಿಕೊಟ್ಟರೆ ಎಷ್ಟೋ ಖರ್ಚು ಉಳಿಯುತ್ತದೆ.