ಲೈನರ್ ಸುತ್ತ ಏನು ತುಂಬಬೇಕು?

ಕಟ್ಟಿಗೆ ಒಲೆಯ ಚಿಮಣಿಯೊಳಗೆ ಲೈನರ್ (ಹೊಗೆ ಹೋಗುವ ಲೋಹದ ಕೊಳವೆ) ಆಗಲೇ ಇಳಿಸಿ ಆಗಿದೆ, ಸುತ್ತಲಿನ ಖಾಲಿ ಜಾಗಕ್ಕೆ ಗಾಜಿನ ಎಳೆಗಳ ಗ್ಲಾಸ್‌ವುಲ್ ತುರುಕಬಹುದಾ ಅಂತ ಕೇಳಿದ್ದೀರಿ. ಬೇಡ. ಮನೆ ಗೋಡೆಗೆ ಹಾಕುವ ಗ್ಲಾಸ್‌ವುಲ್ ಇಷ್ಟು ಬಿಸಿಗೆ ಹೇಳಿ ಮಾಡಿಸಿದ್ದಲ್ಲ. ಚಿಮಣಿಯೊಳಗಿನ ಮಸಿ ಹೊತ್ತಿಕೊಂಡರೆ ಶಾಖ 1000 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು.

ಹಾಗಂತ ಸುಮ್ನೆ ಖಾಲಿ ಬಿಡಬೇಡಿ. ನಿಮ್ಮದು ಹೊರಗೋಡೆಯ ಚಿಮಣಿ, ಅಲ್ವಾ? ಅದು ಬೇಗ ತಣ್ಣಗಾಗುತ್ತದೆ. ಹೊಗೆ ಮೇಲೇರುತ್ತಾ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಕ್ರಿಯೋಸೋಟ್, ಅಂದರೆ ಹೊಗೆಯಿಂದ ಕಟ್ಟುವ, ಬೆಂಕಿ ಹೊತ್ತಿಕೊಳ್ಳುವ ಜಿಗುಟು ಮಸಿ, ಒಳಗೆ ಅಂಟಲು ಶುರು. ಟಾರಿನ ಹಾಗೆ ಕಪ್ಪಗೆ ಹೊಳೆಯುತ್ತದೆ, ಬ್ರಷ್‌ಗೂ ಜಗ್ಗುವುದಿಲ್ಲ.

ಲೈನರ್ ಇಳಿಸುವ ಮೊದಲೇ ಕೇಳಿದ್ದರೆ ಸೆರಾಮಿಕ್ ಫೈಬರ್ ಹೊದಿಕೆ ಸುತ್ತಿ ಅಂತಿದ್ದೆ. ಈಗ ಚಿಮಣಿಗೆಂದೇ ಬರುವ ವರ್ಮಿಕ್ಯುಲೈಟ್ (ಶಾಖ ತಡೆಯುವ ಹಗುರ ಖನಿಜದ ಕಾಳು) ಮೇಲಿನಿಂದ ಸುರಿಯುವುದೇ ಸುಲಭ. ಮೊದಲು ಕೆಳಗಿನ ಸಂದಿಯನ್ನು ಲೋಹದ ತಗಡು, ಶಾಖ ತಡೆಯುವ ಸೀಲಂಟ್ ಹಾಕಿ ಭದ್ರವಾಗಿ ಮುಚ್ಚಿ. ಒಂದು ಬೆರಳಿನಷ್ಟು ಸಂದಿ ಉಳಿದರೂ ಸಾಕು, ಕಾಳೆಲ್ಲ ಸರಸರ ಒಲೆ ಹಿಂದೆ ಸುರಿಯುತ್ತದೆ. ನಾನೇ ಹಾಗೆ ಮಾಡಿಕೊಂಡು ಮೂರು ದಿನ ಗುಡಿಸಿದ್ದೇನೆ! ಲೈನರ್ ಗೋಡೆಗೆ ಒರಗದೆ ನಡುವೆ ನಿಂತಿರಲಿ. ಮೇಲ್ತುದಿಯಲ್ಲಿ ಮಳೆನೀರು ಇಳಿಯಬಾರದು. ನೆಂದ ವರ್ಮಿಕ್ಯುಲೈಟ್ ಇದ್ದೂ ಇಲ್ಲದ ಹಾಗೆ.

ಮತ್ತೆ, ಹಸಿ ಕಟ್ಟಿಗೆ ಉರಿಸಿದರೆ ಇಷ್ಟೆಲ್ಲ ಮಾಡಿಯೂ ಕ್ರಿಯೋಸೋಟ್ ಕಟ್ಟುತ್ತದೆ.