ವಿಯೆನ್ನಾಕ್ಕೆ ಮತ್ತೊಮ್ಮೆ, ಈ ಬಾರಿ ಒಬ್ಬರೇ

ಪ್ರಶ್ನೆ: ಯಜಮಾನರೊಂದಿಗೆ ಪ್ರವಾಸದ ತಂಡದಲ್ಲಿ ನೋಡಿದ ವಿಯೆನ್ನಾ ನನಗೆ ಬಹಳ ಪ್ರಿಯವಾದ ನಗರ. ಕಾಫಿ ಕೊಯ್ಲು ಮುಗಿದ ಮೇಲೆ ಒಬ್ಬಳೇ ಹೋಗಬೇಕೆಂದಿದ್ದೇನೆ. ನೋಡಿದ ಊರನ್ನೇ ಮತ್ತೆ ನೋಡುವುದು ವ್ಯರ್ಥವೆಂದು ಮನೆಯವರು ಹೇಳುತ್ತಾರೆ. ತಮ್ಮ ಅಭಿಪ್ರಾಯವೇನು?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಖಂಡಿತ ಹೋಗಿ ಬನ್ನಿ. ತಂಡದೊಂದಿಗೆ ಹೋದವರು ಷೋನ್‌ಬ್ರುನ್ ಅರಮನೆಯನ್ನು ಅವಸರದಲ್ಲಿ ನೋಡಿ ಬಸ್ಸು ಹತ್ತುತ್ತಾರೆ. ಒಬ್ಬರೇ ಹೋದವರು 1891ರಲ್ಲಿ ತೆರೆದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳ ಎದುರು ಇಡೀ ಬೆಳಗನ್ನು ಕಳೆಯಬಹುದು. ಕಾಫಿ ಬೆಳೆಯುವ ತಮಗೆ ಅಲ್ಲಿನ ಕಾಫಿಮನೆಗಳು ಇನ್ನೂ ಹತ್ತಿರವಾದಾವು: ಒಂದು ಕಪ್ ಕಾಫಿಯ ಜೊತೆಗೆ ಒಂದು ಲೋಟ ನೀರನ್ನೂ ತಂದಿಟ್ಟು, ಪತ್ರಿಕೆ ಓದುತ್ತ ಗಂಟೆಗಟ್ಟಲೆ ಕುಳಿತವರನ್ನು ಏಳಿಸದಿರುವ ಈ ಸಂಪ್ರದಾಯವನ್ನು ಆಸ್ಟ್ರಿಯಾ 2011ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಂಟಿಯಾಗಿ ಕುಳಿತ ಮಹಿಳೆಯನ್ನು ಅಲ್ಲಿ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸಂಜೆ ರಾಜ್ಯ ಅಪೆರಾ ಎಂಬ ಸಂಗೀತನಾಟಕ ಮಂದಿರದಲ್ಲಿ ನಿಂತು ನೋಡುವವರ ಅಗ್ಗದ ಟಿಕೆಟ್ ಪಡೆಯಿರಿ. ಮಂಡಿನೋವಿದ್ದರೆ ಮಾತ್ರ ಬೇಡ.

ಆಸ್ಟ್ರಿಯಾ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋಗಳ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.